ರೀಲಿನ ಕೊನೆಗೆ ಕೂತವಳು

ಹೆಂಡತಿ ತೀರಿಕೊಂಡು ಐದು ವಾರವಾಗಿತ್ತು. ಅಷ್ಟು ದಿನವೂ ಫೋಟೋ ಸ್ಟುಡಿಯೋದ ಯಜಮಾನರು ದೇವರ ಮುಂದೆ ಕೂತು ಕೇಳಿಕೊಂಡದ್ದು ಒಂದೇ ಮಾತು. "ಅವಳನ್ನು ಕರೆದುಕೊಂಡೆ. ಸರಿಯಪ್ಪ, ಕೊಟ್ಟವನು ನೀನೇ. ಅವಳ ಮುಖವನ್ನಾದರೂ ನನ್ನ ಹತ್ತಿರ ಬಿಡು."

ಕಣ್ಣು ಮುಚ್ಚಿದರೆ ಅವರಿಗೆ ಮದುವೆಯ ಹೊಸತರ ಮುಖ ಕಾಣುತ್ತಿತ್ತು, ಮಗಳನ್ನು ಎತ್ತಿಕೊಂಡಿದ್ದಾಗಿನ ಮುಖ ಕಾಣುತ್ತಿತ್ತು. ಆದರೆ ಕೊನೆಯ ಹನ್ನೊಂದು ವರ್ಷ ಜೊತೆಗೆ ಬಾಳಿದ ಆ ನರೆಗೂದಲಿನ ಮುಖ, ಸರಿಯಾಗಿ ತೊಳೆಯದ ಫೋಟೋದ ಹಾಗೆ ದಿನದಿಂದ ದಿನಕ್ಕೆ ಮಂಕಾಗುತ್ತಿತ್ತು. ಊರಿನವರ ಮುಖವನ್ನೆಲ್ಲ ಹಿಡಿದಿಟ್ಟ ಮನುಷ್ಯನಿಗೆ ಮನೆಯವಳ ಮುಖವೇ ಕೈ ಜಾರುತ್ತಿತ್ತು. ಇದನ್ನು ಅವರು ಯಾರ ಹತ್ತಿರ ಹೇಳಿಕೊಂಡಾರು?

ಹಳೆಯ ಮುಖ ಉಳಿದದ್ದಕ್ಕೆ ಕಾರಣವಿತ್ತು. ರೀಲಿನ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರು ಚಿತ್ರ. ಮೂವತ್ತೈದು ತೆಗೆದ ಮೇಲೆ ಒಂದು ಉಳಿದರೆ, ಅದಕ್ಕೂ ಗಿರಾಕಿ ಬರಲಿ ಎಂದು ಕಾಯುವಂತಿರಲಿಲ್ಲ. ಆಗ ಯಜಮಾನರು ಒಳಬಾಗಿಲಿಗೆ ಮುಖಮಾಡಿ ಕೂಗುತ್ತಿದ್ದರು, "ಬಾರೇ, ಒಂದು ಉಳಿದಿದೆ!" ಸ್ಟುಡಿಯೋದ ಹಿಂದೆಯೇ ಮನೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು.

"ಊರವರಿಗೆಲ್ಲ ಕೆನೆ, ನನಗೆ ತಳ ಹತ್ತಿದ್ದು" ಎನ್ನುತ್ತಿದ್ದಳು.

"ತಳದಲ್ಲೇ ರುಚಿ ಕಣೇ. ಅಲ್ಲಾಡಬೇಡ."

ಹಾಗೆ ರೀಲಿನ ಕೊನೆಗೆ ಕೂತು ಕೂತೇ ಅವಳ ಇಪ್ಪತ್ತೆಂಟು ವರ್ಷ ಚಿತ್ರವಾಗಿತ್ತು.

ಆಮೇಲೆ ರೀಲು ಸಿಗುವುದೇ ಕಷ್ಟವಾಯಿತು. ಬಣ್ಣದ ರೀಲು ತೊಳೆದುಕೊಡುತ್ತಿದ್ದ ಲ್ಯಾಬು ಬಾಗಿಲು ಹಾಕಿತು. ಯಜಮಾನರು ಒಂದು ವರ್ಷ ಹಟ ಹಿಡಿದರು. ಕೊನೆಗೆ ಅವರನ್ನು ಒಪ್ಪಿಸಿದವಳು ಹೆಂಡತಿಯೇ. "ದೇವರು ಕಣ್ಣು ಕೊಟ್ಟಿದ್ದು ನಿಮಗೆ ರೀ, ಕ್ಯಾಮೆರಾಕ್ಕಲ್ಲ. ಯಾವುದಾದರೇನು, ತೆಗೀರಿ. ನನ್ನ ಕೈಯಾದರೂ ಆ ಔಷಧಿ ನೀರಿನಿಂದ ಪಾರಾಗಲಿ." ಕಪ್ಪು ಬಿಳುಪು ಚಿತ್ರಗಳನ್ನು ಕತ್ತಲೆ ಕೋಣೆಯಲ್ಲಿ ತೊಳೆದು ತೊಳೆದು ಅವಳ ಬೆರಳ ತುದಿ ಸುಲಿದಿತ್ತು.

ಡಿಜಿಟಲ್ ಕ್ಯಾಮೆರಾ ಬಂತು. ಅದಕ್ಕೆ ಮೂವತ್ತಾರೂ ಇಲ್ಲ, ಕೊನೆಯೂ ಇಲ್ಲ. ಕೊನೆಯೇ ಇಲ್ಲದ ಮೇಲೆ ಒಳಬಾಗಿಲಿಗೆ ಮುಖಮಾಡಿ ಕೂಗುವುದೂ ನಿಂತುಹೋಯಿತು. ಮಗಳು ಮೊಬೈಲು ಎತ್ತಿದರೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಳು. "ನನ್ನ ಗಂಡ ಫೋಟೋದವರು ಕಣೇ. ತೆಗೆದರೆ ಅವರೇ ತೆಗೀಲಿ." ಅವರು ನಾಳೆ ತೆಗೆಯೋಣ ಎಂದರು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಈಗ ಬಂಧುಗಳೆಲ್ಲ ಸೇರಿ ಅವಳ ನೆನಪಿಗೆ ಪ್ರಾರ್ಥನೆ ಮಾಡುವುದೆಂದು ಗೊತ್ತಾಗಿತ್ತು. ಇನ್ನು ನಾಲ್ಕೇ ದಿನ. ಮಗಳು ಬಂದಿದ್ದಳು.

"ಅಪ್ಪಾ, ಫೋಟೋ?"

"ಹಳೇದು ಯಾವುದಾದರೂ ಇಡಮ್ಮ."

"ಹಳೇದರಲ್ಲಿ ಅಮ್ಮನ ತಲೆಯೆಲ್ಲ ಕಪ್ಪು. ನನ್ನ ಮಕ್ಕಳು ಇದ್ಯಾರು ಅಂತಾರೆ." ಅಪ್ಪನ ಮುಖ ನೋಡಿ ಅವಳು ಅಲ್ಲಿಗೇ ನಿಲ್ಲಿಸಿದಳು.

ಮರುದಿನ ಬೆಳಿಗ್ಗೆ ಯಜಮಾನರು ಐದು ವಾರದ ಮೇಲೆ ಸ್ಟುಡಿಯೋದ ಬಾಗಿಲು ತೆಗೆದರು. ಎದುರಂಗಡಿಯ ಟೈಲರು, ಅವರ ಹಳೆಯ ಸ್ನೇಹಿತ, ಹೊಲಿಗೆ ಯಂತ್ರ ಬಿಟ್ಟು ಬಂದು ಕಸಪೊರಕೆ ಕಿತ್ತುಕೊಂಡ. "ಕೊಡಯ್ಯಾ ಇಲ್ಲಿ. ನೀನು ಗುಡಿಸಿದರೆ ಧೂಳು ಅತ್ತಲಿಂದ ಇತ್ತ ಬರುತ್ತೆ ಅಷ್ಟೇ." ಐದು ವಾರದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಮೊದಲ ಗಿರಾಕಿ ಶಾಲೆಯ ಮೇಷ್ಟ್ರು. ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ಬೇಕಿತ್ತು. ಅವರು ಒಳಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿರಲು, ಯಜಮಾನರು ದೀಪ ಹೊತ್ತಿಸಿ, ಕ್ಯಾಮೆರಾ ನಿಲ್ಲಿಸಿ, ಮೇಜಿನ ಮೇಲಿಂದ ಬಿಳಿ ಹಾಳೆಯೊಂದನ್ನು ಎತ್ತಿ ಒಳಬಾಗಿಲ ಕಡೆ ಚಾಚಿದರು.

"ಬಾರೇ, ಹಾಳೆ ಹಿಡಿ."

ಕೈ ಹಾಗೇ ನಿಂತಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಹೊಸ ಕ್ಯಾಮೆರಾಕ್ಕೆ ಬಿಳುಪು ಯಾವುದೆಂದು ಮೊದಲು ತೋರಿಸಬೇಕು, ಇಲ್ಲದಿದ್ದರೆ ಮುಖಗಳೆಲ್ಲ ಅರಿಶಿನ ಮೆತ್ತಿದಂತೆ ಬರುತ್ತವೆ. ಅದಕ್ಕೇ ಗಿರಾಕಿ ಕೂರುವ ಮುಂಚೆ ಅದೇ ಸ್ಟೂಲಿನಲ್ಲಿ ಅವಳನ್ನು ಕೂರಿಸಿ, ಎದೆಯ ಹತ್ತಿರ ಬಿಳಿ ಹಾಳೆ ಹಿಡಿಸಿ, ಒಂದು ಸಲ ಕ್ಲಿಕ್ ಮಾಡುವುದು ರೂಢಿ. ಅವಳು "ಸಾಕಾ?" ಎನ್ನುವಳು, ಇವರು "ಸಾಕು" ಎನ್ನುವರು. ಅವಳು ಎದ್ದು ಒಲೆಯ ಹತ್ತಿರ ಹೋಗುವಳು.

"ಏನು ಯಜಮಾನರೇ, ಹಾಳೆ ನನಗಾ?" ಮೇಷ್ಟ್ರು ಹೊರಗೆ ಬಂದಿದ್ದರು.

"ಹೂಂ ಮೇಷ್ಟ್ರೇ. ಇವತ್ತು ನೀವೇ ಹಿಡೀಬೇಕು."

ಮೇಷ್ಟ್ರು ಮಾತು ಬೆಳೆಸದೆ ಕೂತು ಹಾಳೆ ಹಿಡಿದರು. ಯಜಮಾನರು ಕ್ಲಿಕ್ ಮಾಡಿ, ಅಭ್ಯಾಸದಂತೆ ಕ್ಯಾಮೆರಾದ ಹಿಂದಿನ ಪುಟ್ಟ ತೆರೆಯಲ್ಲಿ ಹಾಳೆಯ ಬಿಳುಪು ನೋಡಿದರು. ಹಾಳೆಯ ಮೇಲುಗಡೆ ಮೇಷ್ಟ್ರ ಮುಖವಿತ್ತು. ಕನ್ನಡಕ, ಮೀಸೆ, ಹಣೆಯ ಗೆರೆ, ಎಲ್ಲ ಸ್ಪಷ್ಟ.

ಹನ್ನೊಂದು ವರ್ಷ ಈ ಚಿತ್ರದಲ್ಲಿ ಅವರು ಬರೀ ಹಾಳೆಯನ್ನು ನೋಡಿದ್ದರು.

ಮೇಷ್ಟ್ರ ಫೋಟೋ ಹೇಗೆ ತೆಗೆದರೋ, ನಾಳೆ ಬನ್ನಿ ಎಂದರೋ ಇಲ್ಲವೋ, ಅವರಿಗೆ ನೆನಪಿಲ್ಲ. "ಮಗಳೇ!" ಎಂದು ಕೂಗಿದ್ದು ಟೈಲರಿಗೂ ಕೇಳಿಸಿತು. ಇಬ್ಬರೂ ಓಡಿಬಂದರು.

"ಕಂಪ್ಯೂಟರು ಹಾಕು. ಯಾರದಾದರೂ ತೆಗಿ. ಯಾವ ಗಿರಾಕಿಯದಾದರೂ ಸರಿ. ಮೊದಲನೇ ಚಿತ್ರ."

ಅವರು ಯಾವ ಚಿತ್ರವನ್ನೂ ಅಳಿಸಿದವರಲ್ಲ. ರೀಲಿನ ಕಾಲದ ಮನುಷ್ಯ, ತೆಗೆದ ಚಿತ್ರ ಎಸೆಯುವುದೆಂದರೆ ಅನ್ನ ಚೆಲ್ಲಿದ ಹಾಗೆ. ಮಗಳು ಒಂದು ಮದುವೆ ಹುಡುಗಿಯ ಫೋಟೋಗಳನ್ನು ತೆರೆದಳು. ಮೊದಲನೆಯದು ಅಮ್ಮ. ಮಗುವೊಂದರ ಫೋಟೋಗಳನ್ನು ತೆರೆದಳು. ಮೊದಲನೆಯದು ಅಮ್ಮ. ಬ್ಯಾಂಕಿನವರದು, ಬೇಕರಿಯವರದು, ಟೈಲರನದೇ ಒಂದು. ಎಲ್ಲದರಲ್ಲೂ ಮೊದಲು ಅವಳು ಹಾಳೆ ಹಿಡಿದು ಕೂತಿದ್ದಳು. ಒಂದರಲ್ಲಿ ಕೂದಲಿಗೆ ಹಿಟ್ಟು ಮೆತ್ತಿತ್ತು. ಒಂದರಲ್ಲಿ ಹಾಳೆ ತಿರುವುಮುರುವಾಗಿ, ಅವಳದೇ ಅಕ್ಷರದಲ್ಲಿ "ಸಕ್ಕರೆ, ಸೋಪು, ಇವರ ಮಾತ್ರೆ" ಎಂದಿತ್ತು. ಕಪ್ಪಿದ್ದ ಕೂದಲು ನೋಡನೋಡುತ್ತ ನರೆಯಿತು. ಎಡಗಣ್ಣಿನ ಕೆಳಗೆ ಸುಕ್ಕು ಬಂತು.

ಮಗಳು ಅಳುತ್ತಲೇ ನಕ್ಕಳು. "ಎಷ್ಟಿವೆ ಅಪ್ಪಾ!"

"ಎಣಿಸಬೇಡ. ಕೊಟ್ಟವನ ಎದುರು ಎಣಿಸಬಾರದು."

ಟೈಲರು ಕಣ್ಣೊರೆಸಿಕೊಂಡ. "ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆಯಲ್ಲಯ್ಯಾ, ಪುಣ್ಯಾತ್ಮ."

ಯಜಮಾನರು ತೆರೆಯನ್ನೇ ನೋಡುತ್ತ ಯೋಚಿಸಿದರು. ರೀಲಿನ ಕಾಲವಾಗಿದ್ದರೆ ಹಾಳೆಗೆಂದು ಒಂದು ಚಿತ್ರ ವ್ಯರ್ಥ ಮಾಡುತ್ತಿದ್ದರೇ? ಖಂಡಿತ ಇಲ್ಲ. ಅವಳ ಮುಖವನ್ನು ಕಿತ್ತುಕೊಂಡಿತೆಂದು ತಾವು ಮನಸ್ಸಿನಲ್ಲೇ ಬೈದ ಕ್ಯಾಮೆರಾವೇ ಅವಳನ್ನು ದಿನ ತಪ್ಪದೆ ಕೂಡಿಟ್ಟಿತ್ತು. ಕೊನೆಗೆ ಕೂರುತ್ತಿದ್ದವಳನ್ನು ಅದು ಎಲ್ಲರಿಗಿಂತ ಮೊದಲು ಕೂರಿಸಿತ್ತು. ಅವರು ಎದ್ದು ಹೋಗಿ ಕ್ಯಾಮೆರಾಕ್ಕೆ ಕೈ ಮುಗಿದರು. ಆಮೇಲೆ ಒಳಗೆ ದೇವರ ಮುಂದೆ ಬಹಳ ಹೊತ್ತು ಕೂತರು. ಅವತ್ತು ಏನನ್ನೂ ಕೇಳಲಿಲ್ಲ.

ಪ್ರಾರ್ಥನೆಗೆ ಆರಿಸಿದ್ದು ಕಳೆದ ವರ್ಷದ್ದು. ಹಾಳೆ ಹಿಡಿದು ಕೈ ಸೋತು, ಸ್ವಲ್ಪ ಕೆಳಗಿಳಿಸಿ, "ಸಾಕಾ?" ಎನ್ನಲು ಬಾಯಿ ತೆರೆದಿದ್ದಳು.

"ಹಾಳೆ ಕತ್ತರಿಸಿಬಿಡಲಾ ಅಪ್ಪಾ? ಮುಖ ಮಾತ್ರ ಇಡೋಣ."

"ಬೇಡ. ಕೆಲಸದಲ್ಲಿದ್ದಾಳೆ, ಇರಲಿ."

ಮರುದಿನ ಮೇಷ್ಟ್ರು ಫೋಟೋಕ್ಕೆ ಬಂದರು. ಬೆಳಕಿಗೆ ಹಿಡಿದು ನೋಡಿ, "ಬಣ್ಣ ಚೆನ್ನಾಗಿ ಬಂದಿದೆ ಯಜಮಾನರೇ" ಎಂದರು.

"ಬರದೇ ಏನು ಮೇಷ್ಟ್ರೇ. ಹಾಳೆ ನೀವು ಹಿಡಿದಿದ್ದಿರಲ್ಲ" ಎಂದು ಯಜಮಾನರು ಅವರ ಎರಡೂ ಕೈ ಹಿಡಿದುಕೊಂಡರು. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟೇಕೆ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.