ಅಪ್ಪ ಕೇಳದೇ ಇದ್ದ ಪ್ರಶ್ನೆ

ಅದು ೧೯೯೦ರ ಫೆಬ್ರವರಿ. ಊರಿಂದ ಕಾಗದ ಬಂದಿತ್ತು. ಬಿ.ಕಾಂ. ಮೊದಲ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗಳು ಅಕ್ಷಿತಾ ಮೂರು ವಿಷಯ ಫೇಲ್. ಇಡೀ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಕಾಗದ ಓದಿದ ದೇಜಪ್ಪನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಅವನು ಕುವೈತಿನ ಶುವೈಖ್‌ನಲ್ಲಿ ಗ್ಯಾರೇಜ್ ಮೆಕ್ಯಾನಿಕ್.

ಗೆಳೆಯ ಸುಂದರ ಮರುದಿನ ಊರಿಗೆ ಹೊರಟಿದ್ದ. ಅವನ ಕೈಯಲ್ಲಿ ಎಂದಿನಂತೆ ಮನೆಗೆ ಮಾತು ತುಂಬಿದ ಕ್ಯಾಸೆಟ್ ಕಳಿಸಬೇಕು. ಎಂಟು ಜನರ ರೂಮಿನಲ್ಲಿ ಮನೆಯ ಮಾತು ಆಡಲಾದೀತೇ? ರಿಪೇರಿಗೆ ಬಂದ ಕಾರೊಂದರಲ್ಲಿ ಗಾಜು ಏರಿಸಿ ಕೂತು ದೇಜಪ್ಪ ಟೇಪ್‌ರೆಕಾರ್ಡರ್ ಒತ್ತಿದ.

"ಮಗಾ, ಕಾಲೇಜು ಖಲಾಸ್. ಸೋಮವಾರದಿಂದ ಹೊಲಿಗೆ ಕ್ಲಾಸಿಗೆ ಹೋಗು."

ಯಾರೋ ಗಾಜು ತಟ್ಟಿದರು. ಕಾರಿನ ಒಡತಿ ಲೂರ್ಡ್ಸ್ ಟೀಚರ್. ಕುವೈತಿಗೆ ಬರುವ ಮೊದಲು ಮಂಗಳೂರಿನ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ, ಪಾಠಕ್ಕೆ ತಡಬಡಾಯಿಸುವ ಬಡ ಮಕ್ಕಳನ್ನು ಸಂಜೆ ಕೂರಿಸಿಕೊಂಡು ದಡ ಮುಟ್ಟಿಸಿದವರು.

"ಎಂತ ದೇಜಪ್ಪಣ್ಣ, ನನ್ನ ಕಾರಿಗೆ ಬೈತಾ ಇದ್ದೀರಾ?"

ದೇಜಪ್ಪ ಎಲ್ಲ ಹೇಳಿದ.

"ಪಿಯುಸಿ ಯಾವ ಮೀಡಿಯಂ?"

"ಕನ್ನಡ. ಫಸ್ಟ್ ಕ್ಲಾಸ್."

"ಹಾಗಾದ್ರೆ ಮಗು ದಡ್ಡಿ ಅಲ್ಲ. ಇಂಗ್ಲಿಷಿನಲ್ಲಿ ಮಾಡುವ ಪಾಠ ಅರ್ಥ ಆಗ್ತಾ ಇಲ್ಲ. ಆಗ್ತದಾ ಅಂತ ನೀವು ಕೇಳಿದ್ದೀರಾ?"

ಕೇಳಿರಲಿಲ್ಲ. ಪ್ರತಿ ಕ್ಯಾಸೆಟ್ಟಿನಲ್ಲೂ 'ಮಾರ್ಕು ತೆಗಿ, ಮರ್ಯಾದೆ ಉಳಿಸು', ಅಷ್ಟೇ. ಆದರೂ ದೇಜಪ್ಪ ಬಿಡಲಿಲ್ಲ.

"ಅರ್ಥ ಆಗದಿದ್ರೆ ಅವಳೇ ಹೇಳ್ಬೇಕಲ್ಲ ಟೀಚರ್?"

"ಇಲ್ಲಿಗೆ ಬಂದ ಹೊಸತರಲ್ಲಿ ನಿಮಗೆ ಅರಬಿ ಅರ್ಥ ಆಗ್ತಿತ್ತಾ?"

ದೇಜಪ್ಪ ನಕ್ಕುಬಿಟ್ಟ. "ಎಲ್ಲಿಂದ? ಹೆದರಿ ಎಲ್ಲದಕ್ಕೂ 'ಐವಾ, ಹೌದು' ಅಂತಿದ್ದೆ. ಬ್ರೇಕ್ ನೋಡು ಅಂದ್ರೆ ಸೀಟು ಬಿಚ್ಚಿಟ್ಟೆ. ಗ್ಯಾರೇಜಿನ ಹಳಬ ಸೈದು ತಿಂಗಳಿಡೀ ಪಕ್ಕದಲ್ಲಿ ನಿಂತು ಕಲಿಸಿದ."

"ನಿಮ್ಮನ್ನು ಯಾರೂ ವಾಪಸ್ ಕಳಿಸಲಿಲ್ಲವಲ್ಲ?"

ದೇಜಪ್ಪ ಹೇಳಿದ್ದನ್ನು ಅಳಿಸಲು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದ.

"ಅವಳ ಕಾಲೇಜಿನ ವೆಲಿಟಾ ಟೀಚರ್ ನನ್ನ ಶಿಷ್ಯೆ," ಎಂದರು ಲೂರ್ಡ್ಸ್. "ಅವಳೂ ಮೊದಲ ಪರೀಕ್ಷೆಯಲ್ಲಿ ಫೇಲೇ. ಅವಳಿಗೆ ಚೀಟಿ ಬರೆದು ಕೊಡ್ತೇನೆ, ಸಂಜೆ ಹೇಳಿಕೊಡ್ತಾಳೆ."

ದೇಜಪ್ಪ ಮತ್ತೆ ಒತ್ತಿದ. "ಮಗಾ, ಕಾಲೇಜು ಬಿಡ್ಬೇಡ. ಗೊತ್ತಾಗದ್ದನ್ನು ನಾಚದೆ ಕೇಳು. ನಿನ್ನ ಅಪ್ಪನೂ ಮೊದಲು ಫೇಲೇ."

ತಿಂಗಳ ಮೇಲೆ ಮಗಳ ಕ್ಯಾಸೆಟ್ ಬಂತು. "ಅಪ್ಪಾ, ವೆಲಿಟಾ ಟೀಚರ್ ದಿನಾ ಸಂಜೆ ಹೇಳಿಕೊಡ್ತಾ ಇದ್ದಾರೆ. ನಿನ್ನೆ ಕ್ಲಾಸಲ್ಲಿ 'ಅರ್ಥ ಆಗ್ಲಿಲ್ಲ ಸರ್' ಅಂದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನವರು 'ನಮಗೂ ಆಗಿಲ್ಲ' ಅಂದ್ರು."

ಅಪ್ಪ ಅಮ್ಮಂದಿರೇ, ಮಕ್ಕಳು ಮೊದಲ ಪರೀಕ್ಷೆಯಲ್ಲಿ ಎಡವಿದರೆ ಕಾಲೇಜು ಬಿಡಿಸಬೇಡಿ. ಕೈಹಿಡಿದು ಕಲಿಸುವ ಟೀಚರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ, ಹುಡುಕಿ. ಮಾರ್ಕು ಆಮೇಲೆ ಕೇಳಿ. 'ಪಾಠ ಅರ್ಥ ಆಗ್ತದಾ ಮಗಾ?' ಎಂದು ಇವತ್ತೇ ಕೇಳಿ.