ಹಿಂದೆ ಬರುವ ಕಾರು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲೇ. ಗಾಡಿ ಕಲಿಯುವವರ ಪಕ್ಕ ಕೂತು ಕೂತು ಅವರ ಅರ್ಧ ಆಯುಷ್ಯ ಕಳೆದಿತ್ತು. ಮೇಷ್ಟ್ರು ಕೂರುವ ಸೀಟಿನ ಮುಂದೆ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ದೂರದಲ್ಲಿ ನಾಯಿ ಬಾಲ ಅಲ್ಲಾಡಿಸಿದರೂ ಸಾಕು, ಮೇಷ್ಟ್ರ ಕಾಲು ಅದನ್ನು ಒತ್ತಿಬಿಡುತ್ತಿತ್ತು. ಒತ್ತಿದ ಮೇಲೆ ಬಾಯಿ ಶುರುವಾಗುತ್ತಿತ್ತು. ಕಲಿಯಲು ಬಂದವರು ಬೆನ್ನ ಹಿಂದೆ ಅವರನ್ನು ಸಿಡಿಮದ್ದು ಎನ್ನುತ್ತಿದ್ದರು.

ಹೆಂಡತಿಯ ಮುಂದೆ ಮಾತ್ರ ಆ ಸಿಡಿಮದ್ದು ಒದ್ದೆಯಾಗಿರುತ್ತಿತ್ತು.

ಅವಳು ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು. ಉದ್ದನೆಯ ಮೇಜಿನ ಮುಂದೆ ನಿಂತು ಕತ್ತರಿಯನ್ನು ಒಮ್ಮೆ ತೆರೆದು ತಳ್ಳಿಕೊಂಡು ಹೋದಳೆಂದರೆ ಗೆರೆ ಎಳೆದ ಹಾಗೆ ಬಟ್ಟೆ ಸೀಳುತ್ತಿತ್ತು. ಆಮೇಲೆ ಅದೇನಾಯಿತೋ, ಮೊದಲು ಹೆಗಲು, ಆಮೇಲೆ ಸೊಂಟ, ಆಮೇಲೆ ಇಂಥ ಕಡೆ ಎಂದಿಲ್ಲದೆ ಮೈಯೆಲ್ಲ ನೋವು. ರಾತ್ರಿ ಪೂರ್ತಿ ಮಲಗಿದರೂ ಬೆಳಿಗ್ಗೆ ಯಾರೋ ಒನಕೆಯಿಂದ ಕುಟ್ಟಿದಂತೆ ಏಳುತ್ತಿದ್ದಳು. ರಕ್ತ ನೋಡಿದರು, ಎಲುಬು ನೋಡಿದರು, ಎಲ್ಲ ಸರಿಯಾಗಿದೆ ಅಂದರು. ಮೇಷ್ಟ್ರ ತಂಗಿ ಬಂದು, "ಅತ್ತಿಗೆ, ನೋಡೋಕೆ ಗುಂಡುಕಲ್ಲಿನ ಹಾಗಿದ್ದೀರಲ್ಲ, ಏನ್ ಕಾಯಿಲೆ ನಿಮಗೆ?" ಎಂದು ನಕ್ಕಳು. ಮೇಷ್ಟ್ರು ತಂಗಿಯ ಕೈಯಲ್ಲಿದ್ದ ಟೀ ಲೋಟ ಕಿತ್ತುಕೊಂಡು ಬಾಗಿಲು ತೋರಿಸಿದರು. ಅವತ್ತಿನಿಂದ ಅಣ್ಣ ತಂಗಿಗೆ ಮಾತಿಲ್ಲ.

ಕೊನೆಗೆ ಒಬ್ಬ ಡಾಕ್ಟರಮ್ಮ ಅದಕ್ಕೆ ಫೈಬ್ರೊಮಯಾಲ್ಜಿಯ ಎಂದು ಹೆಸರು ಹೇಳಿದರು. ಹೆಸರು ಸಿಕ್ಕಿದ್ದಕ್ಕೇ ಹೆಂಡತಿ ಅತ್ತುಬಿಟ್ಟಳು. ಮಾತ್ರೆಗಿಂತ ದಿನಾ ಸ್ವಲ್ಪ ವ್ಯಾಯಾಮವೇ ಇದಕ್ಕೆ ದೊಡ್ಡ ಔಷಧಿ ಅಂದಾಗ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಬಾಚಣಿಗೆ ಎತ್ತೋಕಾಗಲ್ಲ ಅಂತಾಳೆ ಇವಳು. ಇವಳಿಗೆ ಕಸರತ್ತಾ?"

"ಕೂತ್ಕೊಳ್ರೀ," ಅಂದಳು ಹೆಂಡತಿ.

ವ್ಯಾಯಾಮ ಹೇಳಿಕೊಡುವವಳು ಅದೇ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿದ್ದಳು, ಮಾತು ಕಡಿಮೆಯ ಹುಡುಗಿ. ಬಿಡಿಸಿ ಹೇಳಿದಳು: "ನಡಿಗೆಯಿಂದ ಶುರು ಮಾಡಿ ಅಕ್ಕ. ನಾಳೆಯೂ ಅಷ್ಟೇ ನಡೀಬಲ್ಲೆ ಅನ್ನಿಸೋವಷ್ಟು ಮಾತ್ರ. ಮೈ ಹಗುರ ಇದೆ ಅಂತ ಒಂದೇ ದಿನ ಜಾಸ್ತಿ ಮಾಡಬೇಡಿ, ಭಾರ ಇದೆ ಅಂತ ಪೂರ್ತಿ ಬಿಡಬೇಡಿ. ಮೊದಮೊದಲು ನೋವು ಸ್ವಲ್ಪ ಏರಬಹುದು. ಏರಿದರೆ ಒಳಗೆ ಏನೋ ಹರೀತು ಅಂತಲ್ಲ. ಪೂರ್ತಿ ಹೋಗಿಬಿಡುತ್ತೆ ಅಂತ ನಾನು ಹೇಳಲ್ಲ, ನಿಮ್ಮ ಕೆಲಸ ನೀವು ಮಾಡ್ಕೊಳ್ಳೋ ಹಾಗಾಗುತ್ತೆ."

"ಮೇಜಿನ ಮುಂದೆ ಅರ್ಧ ದಿನ ನಿಲ್ಲೋ ಹಾಗಾದರೆ ಸಾಕು ನನಗೆ," ಅಂದಳು ಹೆಂಡತಿ. ಪರದೆ ಅಂಗಡಿಯವರು ಅವಳ ಜಾಗಕ್ಕೆ ಇನ್ನೂ ಯಾರನ್ನೂ ತಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಗೇಟು ದಾಟಿ ಹೊರಟಳು. ಹಿಂದಿನಿಂದ ಡ್ರೈವಿಂಗ್ ಸ್ಕೂಲಿನ ಕಾರು ಬಂತು. ತಲೆಯ ಮೇಲೆ ಬೋರ್ಡು, ಎರಡೂ ಕಡೆ ಕಿಟಕಿ ಇಳಿಸಿ, ಮೇಷ್ಟ್ರು ಮೊದಲನೇ ಗೇರಿನಲ್ಲಿ ತೆವಳಿಸಿಕೊಂಡು ಬರುತ್ತಿದ್ದರು.

"ಇದೇನ್ರೀ ಇದು?"

"ನೀನು ನಡಿ. ಸುಸ್ತಾದ ತಕ್ಷಣ ಹತ್ತಿಕೋ. ಅಷ್ಟೇ."

ಅವಳು ನಕ್ಕಳು. ಮೊದಲ ದಿನ ಅದು ನಗುವ ವಿಷಯವೇ ಆಗಿತ್ತು. ಅವಳು ಉಸಿರೆಳೆದುಕೊಳ್ಳಲು ನಿಂತರೆ ಕಾರಿನ ಬಾಗಿಲು ತೆರೆಯುತ್ತಿತ್ತು. ಮುಖ ಕಿವುಚಿದರೆ "ಸಾಕು ಸಾಕು, ಹತ್ತು" ಅನ್ನುತ್ತಿದ್ದರು. ರಸ್ತೆ ಬದಿಯ ಅಂಗಡಿಯ ಚಪ್ಪಲಿ ಹೊಲಿಯುವವನು ಕೂತಲ್ಲಿಂದಲೇ ಕೂಗುತ್ತಿದ್ದ: "ಮೇಷ್ಟ್ರೇ, ಅಕ್ಕ ನಡೆಯೋದು ಕಲೀತಿದ್ದಾರೋ, ನೀವು ಗಾಡಿ ಓಡಿಸೋದು ಕಲೀತಿದ್ದೀರೋ?"

"ನಿನ್ನ ಸೂಜಿ ನೋಡ್ಕೊಳ್ಳೋ, ಕೈಗೆ ಚುಚ್ಚಿಕೊಂಡೀಯ!"

ವಾರಗಳು ಕಳೆದರೂ ಅವಳು ಒಂದು ದಿನವೂ ಅವನ ಅಂಗಡಿ ದಾಟಲಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಕಾರಿನ ಬಾಗಿಲು ತೆರೆದಿರುತ್ತಿತ್ತು, ಅವಳು ಹತ್ತಿರುತ್ತಿದ್ದಳು. ನಗು ಎಂದೋ ನಿಂತಿತ್ತು. ಒಂದು ಬೆಳಿಗ್ಗೆ ಮೇಷ್ಟ್ರು ಕಾರು ತೆಗೆದು ಹಾರನ್ ಹೊಡೆದರು. ಅವಳು ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಜಾಸ್ತಿ ನೋವಾ?"

"ದಿನಾ ಇರೋವಷ್ಟೇ."

"ಮತ್ತೆ?"

"ನನ್ನ ಕೈಲಿ ಆಗಲ್ಲ ಅಂತ ಗೊತ್ತಾಯ್ತಲ್ಲ. ಪರದೆ ಅಂಗಡಿಗೆ ಬೇರೆಯವರನ್ನ ಇಟ್ಕೊಳ್ಳಿ ಅಂತ ಹೇಳಿಬಿಡಿ. ನೀವು ಕೆಲಸಕ್ಕೆ ಹೋಗಿ."

ಮೇಷ್ಟ್ರು ಡಾಕ್ಟರಮ್ಮನನ್ನು, ಆ ಹುಡುಗಿಯನ್ನು, ರಸ್ತೆಯನ್ನು, ಎಲ್ಲವನ್ನೂ ಬೈದುಕೊಳ್ಳುತ್ತಲೇ ಕೆಲಸಕ್ಕೆ ಹೋದರು.

ಅವತ್ತು ಗಾಡಿ ಕಲಿಯಲು ಬಂದವಳು ಒಬ್ಬ ನರ್ಸು. ನಡುವಯಸ್ಸು, ಮೇಷ್ಟ್ರಿಗೆ ಹೆದರದ ಹೆಂಗಸು. ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಕಾರು ಗಕ್ಕನೆ ನಿಂತಿತು. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಅವಳು ಅವರ ಕಾಲಿನ ಕಡೆ ನೋಡಿದಳು.

"ಸರ್, ಈಗ ಗಾಡಿ ನಿಲ್ಲಿಸಿದ್ದು ನಾನಾ, ನೀವಾ?"

"ನಾನು! ಇಲ್ಲದಿದ್ರೆ ಅವನು ಬಾನೆಟ್ ಮೇಲೆ ಕೂತಿರ್ತಿದ್ದ."

"ನಾನೂ ಒತ್ತಿದ್ದೆ ಸರ್. ಪ್ರತಿ ಸಲ ನೀವೇ ಮೊದಲು ಒತ್ತಿಬಿಟ್ರೆ ನನಗೆ ಬರುತ್ತೋ ಇಲ್ವೋ ಅಂತ ನನಗೆ ಗೊತ್ತಾಗೋದು ಯಾವಾಗ?"

ಹಿಂದಿನಿಂದ ಲಾರಿಯವನು ಹಾರನ್ ಹೊಡೆಯುತ್ತಿದ್ದ. "ನನ್ನ ಕೈಲಿ ಆಗಲ್ಲ ಅಂತ ಗೊತ್ತಾಯ್ತಲ್ಲ" ಎಂಬ ಹೆಂಡತಿಯ ಮಾತು ಮೇಷ್ಟ್ರ ಕಿವಿಯಲ್ಲಿ ಮತ್ತೆ ಕೇಳಿಸಿತು. ಅವಳಿಗೆ ಹೇಗೆ ಗೊತ್ತಾಯಿತು? ಅವಳು ತಾನಾಗಿ ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿಯವರೆಗೆ ಅವಳನ್ನು ಒಂದು ದಿನವಾದರೂ ಬಿಟ್ಟಿದ್ದು ಯಾರು? ಅವಳ ಮುಖದಲ್ಲಿ ನೋವು ಕಂಡರೆ ತನಗೆ ತಡೆಯಲಾಗುತ್ತಿರಲಿಲ್ಲ. ಅದಕ್ಕೆ ಅವಳನ್ನು ಹತ್ತಿಸಿಕೊಳ್ಳುತ್ತಿದ್ದುದು. ತನ್ನ ಹೆದರಿಕೆಗೆ ಅವಳ ಕಾಲು ಕಟ್ಟಿಹಾಕಿದಂತಾಗಿತ್ತು.

ಸಂಜೆ ಬಂದವರು ಹಾಸಿಗೆಯ ತುದಿಯಲ್ಲಿ ಕೂತರು. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಬಾಯಿ. "ಏಳು," ಅಂದರು, ಸಿಟ್ಟಿನವರ ಹಾಗೆ. "ಒಬ್ಬಳೇ ಹೋಗಿ ಬಾ. ಕಾರು ಬರಲ್ಲ, ನಾನೂ ಬರಲ್ಲ."

ಅವಳು ತಿರುಗಿ ಅವರ ಮುಖ ನೋಡಿದಳು. "ಬಿದ್ದರೆ?"

"ಬಿದ್ದರೆ..." ಮೇಷ್ಟ್ರು ಅವಳ ಹೊದಿಕೆ ಎಳೆದು ಮಡಿಸತೊಡಗಿದರು. "ಬೀಳಲ್ಲ ನೀನು. ಎಲ್ಲಿ ಸಾಕು ಅನ್ನಿಸುತ್ತೋ ಅಲ್ಲಿ ತಿರುಗು. ಅದು ನಿನಗೆ ಗೊತ್ತು, ನನಗಲ್ಲ. ಇಷ್ಟು ದಿನ ನಾನೇ ಅಡ್ಡ ಬಂದೆ."

ಅವಳು ನಿಧಾನಕ್ಕೆ ಎದ್ದಳು. ಬಾಗಲು ಸೊಂಟ ಬಿಡುತ್ತಿರಲಿಲ್ಲ. ಮೇಷ್ಟ್ರೇ ನೆಲದಲ್ಲಿ ಕೂತು ಅವಳ ಬೂಟಿನ ದಾರ ಕಟ್ಟಿದರು. ಗೇಟಿನ ಸದ್ದಾಯಿತು.

ಆಮೇಲಿನ ಹೊತ್ತು ಅವರಿಗೊಂದು ಯುಗ. ಗೇಟಿನವರೆಗೆ ಹೋದರು, ಬಂದರು. ಕಾರಿನ ಕೀಲಿ ಕೈಗೆತ್ತಿಕೊಂಡರು, ಅಕ್ಕಿ ಡಬ್ಬದಲ್ಲಿ ಹಾಕಿ ಮುಚ್ಚಳ ಒತ್ತಿದರು. ಟೀ ಕಾಸಿದರು, ಅದು ಉಕ್ಕಿ ಒಲೆಯೆಲ್ಲ ಹರಿಯಿತು, ಒಲೆಯನ್ನೇ ಬೈದರು. ಅವಳು ಗೇಟು ತಳ್ಳಿಕೊಂಡು ಬಂದಾಗ ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅವಳ ಮುಖ ಬೆವೆತು ಕೆಂಪಾಗಿತ್ತು.

"ಚಪ್ಪಲಿಯವನ ಅಂಗಡಿ ದಾಟಿದೆ," ಅಂದಳು. "ಅವನ ಸ್ಟೂಲಿನ ಮೇಲೆ ಸ್ವಲ್ಪ ಕೂತೆ. ಆಮೇಲೆ ಔಷಧಿ ಅಂಗಡಿ ಮೂಲೆಯವರೆಗೆ ಹೋಗಿ ತಿರುಗಿದೆ."

"ನೋವು?"

"ಇದೆ ಕಣ್ರೀ. ಎಲ್ಲಿ ಹೋಗುತ್ತೆ ಅದು?" ಎಂದು ನಕ್ಕಳು.

ಮರುದಿನ ಬೆಳಿಗ್ಗೆ ಅವಳ ತೊಡೆ, ಹೆಗಲು ಬಿಗಿದುಕೊಂಡಿದ್ದವು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಅವಳೇ ಹೇಳಿದಳು: "ಇವತ್ತು ಚಪ್ಪಲಿಯವನ ಅಂಗಡಿವರೆಗೆ ಸಾಕು. ನೀವೂ ಬನ್ನಿ ಬೇಕಾದರೆ. ಪಕ್ಕದಲ್ಲಿ ನಡೀಬೇಕು. ಸಾಕು, ಬೇಡ, ಹತ್ತು, ಕೂತ್ಕೋ, ಒಂದೂ ಅನ್ನಬಾರದು."

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು. ತುಟಿ ಪಿಟಕ್ಕೆನ್ನಲಿಲ್ಲ. ಅವಳು ನಿಂತಾಗ ನಿಂತರು, ಹೊರಟಾಗ ಹೊರಟರು. ವರ್ಷಗಟ್ಟಲೆ ಸೀಟು ಬಿಟ್ಟು ಏಳದ ದೇಹ, ಅರ್ಧ ದಾರಿಗೇ ಅವರ ಪಕ್ಕೆ ಹಿಡಿಯಿತು. ಏದುಸಿರು ಬಿಡುತ್ತ ದೀಪದ ಕಂಬಕ್ಕೆ ಕೈ ಕೊಟ್ಟು ನಿಂತರು.

ಎರಡು ಹೆಜ್ಜೆ ಮುಂದೆ ಹೋಗಿದ್ದ ಹೆಂಡತಿ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ತುಂಟತನ ಕಂಡು ಮೇಷ್ಟ್ರಿಗೆ ಎಷ್ಟು ಕಾಲವಾಗಿತ್ತೋ.

"ಏನ್ರೀ, ಆಗಲ್ವಾ?"

"ಯಾರಿಗೆ ಆಗಲ್ಲ? ನಡಿ, ನಡಿ!" ಎಂದು ಮೇಷ್ಟ್ರು ಸಿಡುಕಿದರು.

ಅವಳು ನಡೆಯಲಿಲ್ಲ. ಅವರಿಗೆ ಉಸಿರು ಬರುವವರೆಗೆ ಅಲ್ಲೇ ಕಾದಳು.