ಏರಿಯ ಕೆಳಗಿನ ಒರತೆ

ಪಾಲು ಮಾಡುವಾಗ ಏಕಾಂತಯ್ಯ ತನ್ನ ಅತ್ತಿಗೆಗೆ ಕೊಟ್ಟದ್ದು ಒಣಗಿದ ತೆಂಗಿನ ತೋಟ. ಕೊಟ್ಟದ್ದು ಎನ್ನುವುದಕ್ಕಿಂತ ಅವಳ ತಲೆಗೆ ಕಟ್ಟಿದ್ದು ಎಂದರೆ ಸರಿ. ಅಣ್ಣ ತೋಂಟದಾರ್ಯ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಮೂಟೆ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಕ್ಕಳಿಲ್ಲದ ಶಿವರುದ್ರಮ್ಮನಿಗೆ ಪಾಲು ಯಾಕೆ, ನಮ್ಮ ಅಡುಗೆಮನೆಯಲ್ಲಿ ಬೇಯಿಸಿಕೊಂಡು ಇರಲಿ, ಎರಡು ಹೊತ್ತು ಊಟಕ್ಕೇನು ಬರ ಎಂದು ಏಕಾಂತಯ್ಯ ಧಾರಾಳವಾಗಿ ಹೇಳಿದ್ದ. ಊರ ಹಿರಿಯರಿಗೇ ನಾಚಿಕೆಯಾಗಿ ಒಂದು ತುಂಡು ಬಿಡಿಸಿಕೊಟ್ಟರು. ಬಾವಿ ಬತ್ತಿ, ಹೀಚೆಲ್ಲ ಉದುರಿ, ಗರಿ ಜೋಲುಬಿದ್ದ ತೋಟ ಅದು.

ಶಿವರುದ್ರಮ್ಮ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಗಂಡ ಹೋದಾಗಿನಿಂದ ಅವಳ ಮನಸ್ಸು ಮರಗಟ್ಟಿತ್ತು. ಹಸಿವಾದರೆ ಉಣ್ಣುತ್ತಿದ್ದಳು, ಕತ್ತಲಾದರೆ ಮಲಗುತ್ತಿದ್ದಳು. ನಾಲ್ಕು ಜನ ನಕ್ಕರೆ ತಾನೂ ನಗುತ್ತಿದ್ದಳು, ಒಂದಿಷ್ಟು ತಡವಾಗಿ. ತೋಟದಲ್ಲೇ ಒಂದು ಹೆಂಚಿನ ಮನೆ ಇತ್ತು. ಅಲ್ಲಿಗೆ ಬಂದು ಒಲೆ ಹೂಡಿದಳು.

ಆ ತೋಟದ ಬೆನ್ನಿಗೇ ಡ್ಯಾಮಿನ ಏರಿ. ಪೇಟೆಯವರ ನಲ್ಲಿಗೆ ನೀರು ಕೊಡಲು ಸರ್ಕಾರದವರು ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ ಕಟ್ಟಿದ್ದರು. ನಮ್ಮ ಕಡೆಯದು ಕೆಂಪು ಮಣ್ಣು. ಅದು ನೀರು ಹಿಡಿಯುವುದಿಲ್ಲವೆಂದು ಎಲ್ಲಿಂದಲೋ ಲಾರಿಗಳಲ್ಲಿ ಕಪ್ಪು ಜೇಡಿ ತಂದು ಏರಿಯ ಹೊಟ್ಟೆಗೆ ತುಂಬಿದ್ದರು. ಆ ಲಾರಿಗಳು ಹೋಗುವುದನ್ನು ಶಿವರುದ್ರಮ್ಮನೂ ಅವಳ ಗಂಡನೂ ನಿಂತು ನೋಡಿದ್ದರು. ಕಟ್ಟಿ ಮೂರು ವರ್ಷ ಮಳೆ ಕೈಕೊಟ್ಟು ಡ್ಯಾಮು ತುಂಬಿರಲಿಲ್ಲ. ಶಿವರುದ್ರಮ್ಮ ತೋಟಕ್ಕೆ ಬಂದ ವರ್ಷ ತುಂಬಿತು. ಏರಿಯ ಬುಡದಲ್ಲಿ ಒಂದು ಕಡೆ ನೆಲ ತೇವವಾಯಿತು, ಆಮೇಲೆ ಒರತೆ ಎದ್ದು ಹರಿಯಿತು.

ಜನ ಬಂದು ಅರಿಸಿನ ಕುಂಕುಮ ಹಚ್ಚಿ, ಗಂಗಮ್ಮ ಒಲಿದಳು ಎಂದು ಕೈಮುಗಿದು ಹೋದರು. ಸತ್ತೇ ಹೋದವು ಎಂದುಕೊಂಡಿದ್ದ ಮರಗಳು ಸುಳಿ ಬಿಚ್ಚಿದವು, ಹೊಂಬಾಳೆ ಹೊಡೆದವು. ಕೊಬ್ಬರಿಗೆಂದು ಅಟ್ಟದ ಮೇಲೆ ಕಾಯಿ ಬಿದ್ದಿತು. ಏಕಾಂತಯ್ಯನ ಹೊಟ್ಟೆಗೆ ಕಿಚ್ಚು ಬಿತ್ತು. ಹೆಂಗಸೊಬ್ಬಳು ಯಾರ ಹಂಗೂ ಇಲ್ಲದೆ ತನ್ನ ಒಲೆಯಲ್ಲಿ ತಾನು ಬೇಯಿಸಿಕೊಂಡು ತಿನ್ನುವುದೆಂದರೆ ಊರಿನಲ್ಲಿ ಎಷ್ಟು ಜನಕ್ಕೆ ಸಹಿಸುತ್ತದೆ, ನೀವೇ ಹೇಳಿ.

ಎರಡನೆಯ ವರ್ಷ ಒರತೆಯ ನೀರು ಕದಡಾಗಿ ಬರತೊಡಗಿತು. ಕುಡಿಯಲು ಹೇಸಿಗೆ, ಬಟ್ಟೆ ಒಗೆದರೆ ಮಾಸಲು. ಆದರೆ ನಾರು ಬಡಿಯುವುದಕ್ಕೆಂದು ಕಾಯಿಸಿಪ್ಪೆಯನ್ನು ಒರತೆಯ ಬಾಯಲ್ಲಿದ್ದ ಗುಂಡಿಯಲ್ಲೇ ನೆನೆಹಾಕಿದಾಗ ಒಂದು ವಿಚಿತ್ರ ಕಂಡಿತು. ಸಿಪ್ಪೆಯ ಸಂದಿನಿಂದ ಸೋಸಿ ಬಂದ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಅಂದಿನಿಂದ ಅವಳು ಗುಂಡಿಯನ್ನು ಬರಿದಾಗಲು ಬಿಡಲಿಲ್ಲ. ನೆನೆದ ಸಿಪ್ಪೆ ತೆಗೆದ ಹಾಗೆ ಹೊಸದನ್ನು ಒತ್ತಿ ತುಂಬಿಸುತ್ತಿದ್ದಳು. ತೆಗೆದ ಸಿಪ್ಪೆಗೆ ಕಪ್ಪು ಕೆಸರು ಮೆತ್ತಿಕೊಂಡಿರುತ್ತಿತ್ತು. ಕೊಡವಿ ಮರಗಳ ಬುಡಕ್ಕೆ ಹಾಕುತ್ತಿದ್ದಳು. ಸಿಪ್ಪೆ ಬಡಿಯಲು ಹಟ್ಟಿಯಿಂದ ಕ್ಯಾತಮ್ಮ ಬರುತ್ತಿದ್ದಳು. ಅವಳದು ಏರಿಯಿಂದ ಕೆಳಕ್ಕೆ ಹಳ್ಳದ ಪಕ್ಕ, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಗೊಲ್ಲರ ಹಟ್ಟಿ.

ಆ ವರ್ಷವೇ ಗುಜರಾತಿನ ಕಡೆ ಒಂದು ಅಣೆಕಟ್ಟು ಒಡೆದು ಊರಿಗೆ ಊರೇ ಕೊಚ್ಚಿಹೋಯಿತೆಂದು ರೇಡಿಯೋದಲ್ಲಿ ಬಂತು. ಎಲ್ಲ ಕಡೆ ಡ್ಯಾಮು ನೋಡುವವರ ಓಡಾಟ ಶುರುವಾಯಿತು. ಇಲ್ಲಿಗೂ ಓವರ್‌ಸೀಯರ್ ಚಿಕ್ಕಹನುಮಯ್ಯ ಸೈಕಲ್ ತುಳಿದುಕೊಂಡು ಬಂದರು. ಗುಂಡಿಯಿಂದ ಹರಿದು ಬರುತ್ತಿದ್ದ ಒರತೆಯ ನೀರನ್ನು ಗಾಜಿನ ಶೀಸೆಗೆ ಹಿಡಿದು, ಬಿಸಿಲಿಗೆ ಎತ್ತಿ, ಅಲ್ಲಾಡಿಸಿ ನೋಡಿದರು. ಮುಖ ಅರಳಿತು.

“ಏನೂ ಭಯ ಇಲ್ಲ ಕಣಮ್ಮ. ಮಣ್ಣಿನ ಏರಿ ಅಂದ್ಮೇಲೆ ನೀರು ಜಿನುಗೇ ಜಿನುಗ್ತದೆ. ನೀರು ಬರಲಿ, ಮಣ್ಣು ಬರಬಾರ್ದು ಅಷ್ಟೇ.”

“ಮಣ್ಣು ಬಂದ್ರೆ ಏನ್ ಸ್ವಾಮಿ?”

“ಏರಿ ಒಳಗೊಳಗೇ ಕರಗ್ತೈತೆ ಅಂತ. ಹಂಗೇನಾರ ಆದ್ರೆ ಡ್ಯಾಮು ಖಾಲಿ ಮಾಡಿ ಏರಿ ಬಗೀಬೇಕು. ಪೇಟೆಗೆ ನೀರಿಲ್ಲ, ನಿಮಗೆ ಒರತೆ ಇಲ್ಲ. ಸದ್ಯ, ತಿಳಿಯಾಗೈತೆ.”

ಅವರು ಎಳನೀರು ಕುಡಿಯುತ್ತಾ ನಿಂತಿದ್ದರು. ಶಿವರುದ್ರಮ್ಮ ಗುಂಡಿಯ ಸಿಪ್ಪೆಯನ್ನು ನೋಡಿದಳು. ಮರದ ಬುಡದಲ್ಲಿ ಒಣಗಿ ಬಿರುಕುಬಿಟ್ಟಿದ್ದ ಕಪ್ಪು ಮಣ್ಣನ್ನು ನೋಡಿದಳು. ಅದು ತನ್ನ ತೋಟದ ಮಣ್ಣಲ್ಲ, ಲಾರಿಯಲ್ಲಿ ಬಂದದ್ದು ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ತಿಳಿದರೂ ಎದೆ ಡವಗುಟ್ಟಲಿಲ್ಲ. “ಇನ್ನೊಂದು ಕೆತ್ತಲಾ ಸ್ವಾಮಿ?” ಎಂದು ಕೇಳಿದಳು. ಅವರು ಸಾಕು ಎಂದು ಸೈಕಲ್ ಹತ್ತಿದರು.

ಬಾಯಿ ಬಿಟ್ಟರೆ ತೋಟ ಹೋಗುತ್ತದೆ. ತೋಟ ಹೋದರೆ ಮೈದುನನ ಅಡುಗೆಮನೆ. ಲೆಕ್ಕ ಇಷ್ಟು ಸರಳವಾಗಿತ್ತು. ಆವತ್ತೇ ಅವಳು ಗುಂಡಿಗೆ ಇನ್ನಷ್ಟು ಸಿಪ್ಪೆ ಒತ್ತಿದಳು. ನೋಡಿದವರು ಓದಿದವರು, ಅವರೇ ಭಯವಿಲ್ಲ ಎಂದಮೇಲೆ ತನ್ನದೇನು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದನ್ನು ನಂಬಿದಳೋ ಬಿಟ್ಟಳೋ, ಊಟ ಮಾಡಿ ಮಲಗಿದಳು, ನಿದ್ದೆಯೂ ಬಂತು.

ಹಿಂಗಾರು ಮಳೆ ಆ ಸಲ ಹಿಡಿದದ್ದು ಬಿಡಲಿಲ್ಲ. ಡ್ಯಾಮಿನ ನೀರು ಕೋಡಿಯ ಮಟ್ಟಕ್ಕೆ ಬಂತು. ಪೇಟೆಯವರು ಛತ್ರಿ ಹಿಡಿದುಕೊಂಡು ಬಂದು ನೋಡಿ ಖುಷಿಪಟ್ಟು ಹೋದರು. ಕ್ಯಾತಮ್ಮ ಎರಡು ದಿನ ಬಾರದೆ, ಮೂರನೆಯ ದಿನ ಗೋಣಿಕೊಪ್ಪೆ ಹೊದ್ದು ಬಂದಳು.

“ಸೊಸೆ ಹೆತ್ತವ್ಳೆ ಕಣವ್ವ. ಗಂಡು.”

“ಚೆನ್ನಾಗವ್ರಾ ಇಬ್ರೂ?”

“ಅವ್ರೆ. ನಮ್ಮೋರ್ದು ನಿಂಗೆ ಗೊತ್ತಲ್ಲ, ಬಾಣಂತಿನ ಹಟ್ಟಿ ಒಳಿಕ್ ಸೇರ್ಸಂಗಿಲ್ಲ. ಹಳ್ಳದ ದಂಡೇಲಿ ಗುಡ್ಲು ಹಾಕಿ ಇಟ್ಟಿವ್ನಿ. ರಾತ್ರಿಯೆಲ್ಲ ನೀರಿನ ಸದ್ದಿಗೆ ಆ ಹುಡುಗಿ ನಿದ್ದೆ ಮಾಡಕಿಲ್ಲ. ಅಯ್ಯೋ ಬುಡು, ಮ್ಯಾಲೆ ಅಷ್ಟ್ ದೊಡ್ಡ ಏರಿ ಐತೆ, ಹಳ್ಳ ನಮ್ಮನ್ನೇನ್ ಮಾಡೀತು ಅಂದೆ.”

ಕ್ಯಾತಮ್ಮ ಕೊಡತಿ ತೆಗೆದುಕೊಂಡು ಸಿಪ್ಪೆ ಬಡಿಯಲು ಕೂತಳು. ಶಿವರುದ್ರಮ್ಮ ಅವಳನ್ನು ನೋಡಿದಳು. ಕರುಣೆ ಉಕ್ಕಿತು, ಕಣ್ಣು ತುಂಬಿತು ಎಂದು ಹೇಳಬಹುದು, ಆದರೆ ಸುಳ್ಳಾಗುತ್ತದೆ. ಅವಳಿಗೆ ಏನೂ ಅನ್ನಿಸಲಿಲ್ಲ. ಕೈ ಮಾತ್ರ ಕೆಲಸ ಮಾಡಿತು, ಅಷ್ಟೇ. ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದು ಸಿಪ್ಪೆಯನ್ನೆಲ್ಲ ಕಿತ್ತು ಹೊರಗೆ ಎಸೆದಳು. ತಳದಲ್ಲಿ ನೀರು ಬುಗ್ಗೆಯಾಗಿ ಎದ್ದಿತು, ಗಟ್ಟಿ ಕಪ್ಪು. ಎಣ್ಣೆ ಶೀಸೆಯೊಂದನ್ನು ತೊಳೆದು ಅದನ್ನು ತುಂಬಿಕೊಂಡಳು.

“ಯಾತಕ್ಕವ್ವ ಅದು?” ಎಂದಳು ಕ್ಯಾತಮ್ಮ.

“ಹೋಗಿ ಸೊಸೇನೂ ಮಗೂನೂ ದಿನ್ನೆ ಮೇಲಕ್ಕೆ ಕರ್ಕೊಂಡೋಗು. ಹಟ್ಟಿಯೋರ್ಗೂ ಹೇಳು. ಈಗ್ಲೇ ಹೋಗೇ.”

ಅವಳು ಶೀಸೆ ಹಿಡಿದು ಏರಿ ಹತ್ತಿದಳು. ಮಳೆಗೆಂದು ಕಾವಲಿಗೆ ಬಂದಿದ್ದ ಚಿಕ್ಕಹನುಮಯ್ಯ ಮೇಲಿನ ಶೆಡ್ಡಿನಲ್ಲಿದ್ದರು. ಶೀಸೆ ನೋಡಿ, ನಡೆದದ್ದನ್ನು ಕೇಳಿ, ಅವರು ಸೈಕಲ್ ಹತ್ತಿ ಪೇಟೆಗೆ ಓಡಿದರು. ಬೈಯಲೂ ನಿಲ್ಲಲಿಲ್ಲ. ಆವತ್ತೇ ಜೀಪಿನಲ್ಲಿ ಇಂಜಿನಿಯರ್ ಬಂದರು, ಲಾರಿಗಳಲ್ಲಿ ಮರಳು, ಜಲ್ಲಿ ಬಂತು. ಒರತೆಯ ಬಾಯಿಗೆ ಅದನ್ನೆಲ್ಲ ಸುರಿದು, ತೂಬು ಪೂರ್ತಿ ಎತ್ತಿ ನೀರು ಬಿಟ್ಟರು. ಡ್ಯಾಮು ಖಾಲಿಯಾಯಿತು. ಬೇಸಿಗೆಯಲ್ಲಿ ಏರಿ ಬಗೆದು ಹೊಸ ಜೇಡಿ ತುಂಬಿ ದಮ್ಮಸು ಮಾಡಿದರು.

“ಒಡೀತಿತ್ತಾ ಸ್ವಾಮಿ?” ಎಂದು ಅವಳು ಇಂಜಿನಿಯರನ್ನು ಒಂದು ಸಲ ಕೇಳಿದಳು.

“ಒಳಗೆ ಮಣ್ಣು ಸಡಿಲ ಆಗಿತ್ತಮ್ಮ. ಆ ಮಳೇಲೇ ಒಡೀತಿತ್ತೋ, ಇನ್ನೂ ಹತ್ತು ವರ್ಷ ನಿಲ್ತಿತ್ತೋ, ಯಾರು ಹೇಳಕ್ಕಾಗ್ತದೆ? ಗೊತ್ತಾಗ್ದೇ ಇರೋದೇ ಒಳ್ಳೇದು.”

ಅವರಿಗೇನೋ ಒಳ್ಳೆಯದೇ. ಪೇಟೆಯವರು ಬೇಸಿಗೆಯಿಡೀ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದರು. ಯಾರೋ ಹೆಂಗಸಂತೆ, ಕೆಸರು ನೀರು ತೋರಿಸಿ ತುಂಬಿದ ಡ್ಯಾಮು ಬಿಡಿಸಿದಳಂತೆ ಎಂದು ಶಾಪ ಹಾಕಿದರು. ಒರತೆ ನಿಂತಿತು. ಮಳೆಗಾಲ ಬರುವ ಹೊತ್ತಿಗೆ ಮರಗಳ ಸುಳಿ ಬಾಗಿ, ಅಟ್ಟ ಬರಿದಾಗಿತ್ತು. ಏಕಾಂತಯ್ಯ ಗಾಡಿ ಕಟ್ಟಿಕೊಂಡು ಬಂದು, “ನಡೀರಿ ಅತ್ತಿಗೆ, ಮನೆ ಇರೋವಾಗ ಇಲ್ಲಿ ಯಾಕೆ ಒಣಗ್ತೀರಿ” ಎಂದ. ಅವಳ ಪಾತ್ರೆಗಳನ್ನು ಅವನೇ ಗಾಡಿಗೆ ಹಾಕಿದ. ಅವಳು ಹಿಂದೆ ನಡೆದಳು.

ಆ ವರ್ಷವೇ ಡ್ಯಾಮು ಮತ್ತೆ ತುಂಬಿ, ಹೊಸ ಏರಿಯ ಕೋಡಿ ಹರಿಯಿತು. ಏಕಾಂತಯ್ಯ ಜಗಲಿಯ ಮೇಲೆ ನಾಲ್ಕು ಜನರನ್ನು ಕೂರಿಸಿಕೊಂಡು ಮಾತಾಡುತ್ತಿದ್ದ. ಒಳಗೆ ಶಿವರುದ್ರಮ್ಮ ಮುದ್ದೆ ತಿರುವುತ್ತಿದ್ದಳು.

“ನೋಡ್ಕೊಂಡ್ ಬಂದೆ ಕಣ್ರೀ, ಒಂದು ತೊಟ್ಟು ಜಿನುಗಲ್ಲ, ಬಂಡೆ ನಿಂತಂಗೆ ನಿಂತೈತೆ. ಆಗ್ಲೂ ಏನೂ ಆಗ್ತಿರ್ಲಿಲ್ಲ. ನಮ್ಮತ್ತಿಗೆ ಹೆದರಿಕೊಂಡು ತನ್ನ ತೋಟಾನೂ ಕಳಕೊಂಡ್ರು, ಪೇಟೆಗೂ ನೀರು ತಪ್ಪಿಸಿದ್ರು.”

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ಮನೆಯವರ ಬಗ್ಗೆ ನಗುವ ನಗು.

ಒಡೆದುಹೋಗಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಶಿವರುದ್ರಮ್ಮ. ಆಗಲೇ, ಆ ಮಳೆಯಲ್ಲೇ ಒಡೆದುಬಿಟ್ಟಿದ್ದರೆ ಇವರೆಲ್ಲ ಈಗ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಕಣ್ಣ ಮುಂದೆ ಏರಿ ಬಿರಿಯಿತು, ನೀರು ಹಳ್ಳದಲ್ಲಿ ನುಗ್ಗಿತು. ಅವಳು ಮನಸ್ಸಿನಲ್ಲಿ ಬೇಕೆಂದೇ ಅದರ ಹಿಂದೆ ಹೋದಳು. ದಂಡೆಯ ಮೇಲೆ ಗುಡಿಸಲಿತ್ತು. ಒಳಗೆ ಕ್ಯಾತಮ್ಮನ ಸೊಸೆ ಮಗುವನ್ನಿಟ್ಟುಕೊಂಡು ಎಚ್ಚರವಾಗಿಯೇ ಕೂತಿದ್ದಳು.

ಮುದ್ದೆಕೋಲು ಕೈಯಿಂದ ಜಾರಿತು. ಗಂಡ ಹೋದ ಮೇಲೆ ಮೊದಲ ಸಲ ಅವಳಿಗೆ ಭಯವಾಯಿತು, ತನ್ನನ್ನು ಕಂಡೇ ಭಯವಾಯಿತು. ಒಲೆಯ ಮುಂದೆ ಕುಸಿದು ಕೂತಳು.

“ಅತ್ತಿಗೆ, ಆಯ್ತೇನ್ರೀ? ಹಸಿವಾಗ್ತೈತೆ,” ಎಂದು ಏಕಾಂತಯ್ಯ ಹೊರಗಿನಿಂದ ಕೂಗಿದ.

“ಆಯ್ತು,” ಎಂದಳು. ಏಳಲು ಮಾತ್ರ ಆಗಲಿಲ್ಲ.